ಟೇಬಲ್ ಕೆಳಗಿನ ಒಂದು ಸಾಲು

ಮೂರು ವರ್ಷದ ಹಿಂದಿನ ಮಾತು. ಜುಲೈ ತಿಂಗಳು. ಬೆಳಗಾವಿಯಲ್ಲಿ ಆಗ ಮಳೆ ಹಿಡಿದರೆ ಬಿಡುವುದಿಲ್ಲ. ನಮ್ಮ ಕೋಣೆಯ ಬಾಗಿಲಲ್ಲಿ ಒಬ್ಬ ಹುಡುಗಿ ನಿಂತಿದ್ದಳು. ಹಿಂದೆ ಅವಳ ಅಪ್ಪ. ಕೈಯಲ್ಲಿ ಒದ್ದೆ ಕೊಡೆ, ಬಗಲಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಫೈಲು. ರಾಯಬಾಗ ಕಡೆಯ ಹಳ್ಳಿಯವರು. ಬೆಳಗಿನ ಮೊದಲ ಬಸ್ಸಿಗೆ ಹೊರಟು ಬಂದಿದ್ದರು.

“ಮೇಡಮ್ಮಾರ, ಅಡ್ಮಿಶನ್ ವಿಚಾರ ಕೇಳೂದಿತ್ರಿ. ಕೆಳಗ ಕೇಳಿದ್ವಿ. ಮ್ಯಾಲ ಹೋಗ್ರಿ ಅಂದ್ರು,” ಎಂದರು ಅಪ್ಪ.

ನಾನು ಅಡ್ಮಿಶನ್ ವಿಭಾಗದವಳಲ್ಲ. ಒಂದು ವಿಶ್ವವಿದ್ಯಾಲಯದ ವೆಬ್‌ಸೈಟ್ ನೋಡಿಕೊಳ್ಳುವ ಕೆಲಸ ನನ್ನದು. ಯಾವ ಕೋರ್ಸ್ ಇದೆ, ಎಷ್ಟು ಸೀಟಿದೆ, ಯಾರು ಅರ್ಜಿ ಹಾಕಬಹುದು, ಫೀ ಎಷ್ಟು, ಕೊನೆ ದಿನ ಯಾವಾಗ, ಇವನ್ನೆಲ್ಲ ಪುಟಕ್ಕೆ ಏರಿಸುವವಳು ನಾನು. ಆದರೂ ಜೂನ್ ಜುಲೈನಲ್ಲಿ ದಾರಿ ತಪ್ಪಿದವರು ನಮ್ಮ ಕೋಣೆಗೂ ಬರುತ್ತಾರೆ. ಕೂಡಿಸಿ, ನೀರು ಕೊಟ್ಟು, ಗೊತ್ತಿದ್ದಷ್ಟು ಹೇಳಿ ಕಳಿಸುತ್ತೇನೆ.

ಹುಡುಗಿ ಬಿಎಸ್ಸಿ ಮುಗಿಸಿದ್ದಳು. ನೂರಕ್ಕೆ 47 ಅಂಕ. ಹಿಂದುಳಿದ ವರ್ಗಗಳ ಪ್ರವರ್ಗ-1. ಎಂಎಸ್ಸಿಗೆ ಹಾಕಬಹುದಾ ಎಂದು ಕೇಳಿದಳು.

“ಹಾಕಬಹುದಲ್ಲ ತಂಗಿ. ನಿಮ್ಮ ಪ್ರವರ್ಗಕ್ಕ 45 ಇದ್ರ ಸಾಕು,” ಎಂದೆ.

ಅವಳು ಅಪ್ಪನ ಮುಖ ನೋಡಿದಳು. ಆಮೇಲೆ ಕೇಳಿದಳು: “ಹ್ವಾದ ವರ್ಷನೂ ಇಷ್ಟ ಇತ್ತೇನ್ರಿ ಮೇಡಂ?”

“ಹೂಂ, ಮೊದಲಿಂದನೂ ಇಷ್ಟ.”

“ಮತ್ತ ವೆಬ್‌ಸೈಟ್‌ನ್ಯಾಗ 50 ಅಂತ ಇತ್ತಲ್ರಿ.”

ಕಂಪ್ಯೂಟರ್ ಪರದೆಯನ್ನು ಅವಳ ಕಡೆ ತಿರುಗಿಸಿ ಪುಟ ತೆಗೆದೆ. ಅದೊಂದು ಟೇಬಲ್. ಕೋರ್ಸ್, ಅವಧಿ, ಸೀಟು, ಅರ್ಹತೆ ಎಂದು ನಾಲ್ಕು ಕಾಲಂ. ಅರ್ಹತೆಯ ಕಾಲಂನಲ್ಲಿ 50 ಎಂದಿತ್ತು. 50ರ ತಲೆ ಮೇಲೆ ಸಣ್ಣದೊಂದು ನಕ್ಷತ್ರದ ಗುರುತು. ಅದರ ವಿವರ ಟೇಬಲ್ ಕೆಳಗೆ ಇರಬೇಕಿತ್ತು. ಇರಲಿಲ್ಲ. ಕಪಾಟಿನಿಂದ ಅಚ್ಚಾದ ಪ್ರಾಸ್ಪೆಕ್ಟಸ್ ತೆಗೆದು ನೋಡಿದೆ. ಅಲ್ಲಿ ಟೇಬಲ್ ಕೆಳಗೆ ಸಣ್ಣ ಅಕ್ಷರದಲ್ಲಿತ್ತು: ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಪ್ರವರ್ಗ-1ರ ಅಭ್ಯರ್ಥಿಗಳಿಗೆ ಶೇಕಡಾ 5ರಷ್ಟು ಸಡಿಲಿಕೆ. ಪ್ರಾಸ್ಪೆಕ್ಟಸ್‌ನಿಂದ ವೆಬ್‌ಸೈಟಿಗೆ ಟೇಬಲ್ ತರುವಾಗ ನಕ್ಷತ್ರ ಬಂದಿತ್ತು, ಆ ಸಾಲು ಅಲ್ಲೇ ಉಳಿದಿತ್ತು. ಟೇಬಲ್ ತಂದವಳು ನಾನೇ.

ಅವಳು ಹಿಂದಿನ ವರ್ಷ ಅರ್ಜಿಯನ್ನೇ ಹಾಕಿರಲಿಲ್ಲ. ಆ ಒಂದು ವರ್ಷ ಊರಿನ ಖಾಸಗಿ ಶಾಲೆಯಲ್ಲಿ ಸಣ್ಣ ಮಕ್ಕಳಿಗೆ ಪಾಠ ಹೇಳಿದ್ದಳು. ಮನೆಯಲ್ಲಿ ಮದುವೆ ಮಾತು ಶುರುವಾಗಿತ್ತು. ಯಾರೋ ಸೀನಿಯರ್ ಹುಡುಗಿ “ಒಮ್ಮೆ ಹೋಗಿ ಕೇಳು” ಎಂದಿದ್ದಕ್ಕೆ ಬಂದಿದ್ದಳು. ಅವಳು ಜೋರು ಮಾಡಲಿಲ್ಲ. ಅಪ್ಪನೂ ಒಂದು ಮಾತು ಬಿರುಸಾಗಿ ಆಡಲಿಲ್ಲ. “ಆತ್ ಬಿಡ್ರಿ, ಈ ವರ್ಷಾರೆ ಗೊತ್ತಾತು,” ಎಂದರು. ನನ್ನ ಕಣ್ಣು ಪರದೆ ಬಿಟ್ಟು ಅವರ ಕಡೆ ತಿರುಗಲು ಸ್ವಲ್ಪ ಹೊತ್ತು ಬೇಕಾಯಿತು.

ಆ ದಿನ ಸಂಜೆ ಬಸ್ಸಿನಲ್ಲಿ ಕೂತಾಗ ಒಂದೇ ಯೋಚನೆ. ಆ ಪುಟ ಒಂದು ವರ್ಷಕ್ಕಿಂತ ಜಾಸ್ತಿ ಹಾಗೇ ಇತ್ತು. ಅದನ್ನು ಎಷ್ಟು ಮಂದಿ ನೋಡಿರಬಹುದು? 45, 46, 48 ಅಂಕದವರು ಎಷ್ಟು ಜನ ನೋಡಿ, ಮೊಬೈಲ್ ಕೆಳಗಿಟ್ಟು, ಸುಮ್ಮನಾಗಿರಬಹುದು? ಅವರಲ್ಲಿ ಒಬ್ಬರೂ ನಮಗೆ ಫೋನ್ ಮಾಡಿರಲಿಲ್ಲ. ಫೀ ಕಟ್ಟಿದ್ದು ತೋರಿಸುತ್ತಿಲ್ಲ ಎಂದು ಜಗಳಕ್ಕೆ ಬರುವವರಿದ್ದಾರೆ, ಫಲಿತಾಂಶ ತಡವಾಯಿತು ಎಂದು ಬೈಯುವವರಿದ್ದಾರೆ. ಅವರೆಲ್ಲ ಒಳಗೆ ಬಂದವರು. ಬಾಗಿಲು ಮುಚ್ಚಿದೆ ಎಂದುಕೊಂಡು ತಿರುಗಿ ಹೋದವರು ಬಾಗಿಲು ಬಡಿಯುವುದಿಲ್ಲ. ಕೋರ್ಸ್ ಮಾಹಿತಿಯ ತಪ್ಪು ಯಾಕೆ ವರ್ಷಗಟ್ಟಲೆ ಉಳಿಯುತ್ತದೆ ಎಂಬುದು ನನಗೆ ಅವತ್ತು ಅರ್ಥವಾಯಿತು. ಅದರಿಂದ ಪೆಟ್ಟು ತಿಂದವರ ದೂರು ನಮ್ಮ ಟೇಬಲಿಗೆ ಬರುವುದೇ ಇಲ್ಲ.

ನಾನು ತೇರದಾಳ ಕಡೆಯವಳು. ನಾನು ಓದುವ ಕಾಲಕ್ಕೆ ನಮ್ಮ ಭಾಗದ ಕಾಲೇಜುಗಳೆಲ್ಲ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಪ್ರಾಸ್ಪೆಕ್ಟಸ್ ಬೇಕೆಂದರೆ ಧಾರವಾಡಕ್ಕೆ ಹೋಗಬೇಕು, ಇಲ್ಲವೇ ಬ್ಯಾಂಕಿನಲ್ಲಿ ಡಿಡಿ ತೆಗೆಸಿ ಅಂಚೆಯಲ್ಲಿ ತರಿಸಬೇಕು. ನನಗೆ ತಂದುಕೊಟ್ಟವರು ನಮ್ಮ ಮಾವ. ಒಂದೇ ಪುಸ್ತಕ, ಓಣಿಯ ಮೂರು ಮನೆ ತಿರುಗಿತು. ಅದರ ಹಾಳೆ ಮೂಲೆ ಮಡಿಚಿದ್ದು, ಫೀ ಇದ್ದ ಪುಟದಲ್ಲಿ ಅಪ್ಪ ಪೆನ್ಸಿಲಿನಿಂದ ಕೂಡಿಸಿ ಬರೆದಿದ್ದ ಲೆಕ್ಕ, ಎಲ್ಲ ಈಗಲೂ ಕಣ್ಣ ಮುಂದಿದೆ. ಅದರಲ್ಲಿ ಬರೆದದ್ದೇ ವೇದ. ತಪ್ಪಿದ್ದರೆ ತಪ್ಪೇ ವೇದ. ಆದರೆ ಒಂದು ಅನುಕೂಲ ಇತ್ತು. ಮುಖಪುಟದ ಮೇಲೆ ವರ್ಷ ಅಚ್ಚಾಗಿರುತ್ತಿತ್ತು. ಹೋದ ವರ್ಷದ ಪುಸ್ತಕ ಇದು ಎಂದು ಓದು ಬಾರದ ಅಜ್ಜಿಗೂ ತೋರಿಸಿ ಹೇಳಬಹುದಿತ್ತು. ವೆಬ್ ಪುಟಕ್ಕೆ ಆ ಮುಖಪುಟ ಇಲ್ಲ. ಐದು ವರ್ಷ ಹಳೆಯ ಪುಟವೂ ನಿನ್ನೆ ಬರೆದಂತೆ ಕಾಣುತ್ತದೆ.

ಧಾರವಾಡದ ಮಾತು ಬಂತು, ಹಾಗಾಗಿ ಇದನ್ನೂ ಹೇಳಬೇಕು. 2010ರಲ್ಲಿ ಬೆಳಗಾವಿಯಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಆಯಿತು. ನಮ್ಮ ಊರ ಕಡೆಯ ಪದವಿ ಕಾಲೇಜುಗಳು ಅದರ ಕೆಳಗೆ ಬಂದವು. 2023ರಲ್ಲಿ ಜಮಖಂಡಿಯಲ್ಲಿ ಬಾಗಲಕೋಟೆ ವಿಶ್ವವಿದ್ಯಾಲಯ ಶುರುವಾಯಿತು. ಅಕ್ಕ ಧಾರವಾಡದ ಡಿಗ್ರಿ, ತಮ್ಮ ಬೆಳಗಾವಿಯ ಡಿಗ್ರಿ, ಕೊನೆಯವಳು ಜಮಖಂಡಿಯ ಡಿಗ್ರಿ. ಕಾಲೇಜಿನ ಕಟ್ಟಡ ಮಾತ್ರ ಅದೇ. ಹಲವು ಮಹಿಳಾ ಕಾಲೇಜುಗಳು ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯಕ್ಕೆ ಸೇರುತ್ತವೆ. ಎಂಜಿನಿಯರಿಂಗ್ ಆದರೆ ಬೆಳಗಾವಿಯ ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯು, ತೋಟಗಾರಿಕೆ ಆದರೆ ಬಾಗಲಕೋಟೆಯ ತೋಟಗಾರಿಕಾ ವಿಶ್ವವಿದ್ಯಾಲಯ, ಅವೆರಡರ ಸೀಟು ರಾಜ್ಯದ ಪರೀಕ್ಷಾ ಪ್ರಾಧಿಕಾರ ಕೆಇಎ ಮೂಲಕ. ನಮಗೆ ಇದೆಲ್ಲ ಬಾಯಿಪಾಠ. ಮನೆಯಲ್ಲಿ ಮೊದಲ ಬಾರಿಗೆ ಡಿಗ್ರಿ ಓದುವ ಹುಡುಗನಿಗೆ ಹೇಗೆ ಗೊತ್ತಾಗಬೇಕು? ಅವನಿಗೆ ಎಲ್ಲವೂ ‘ಯೂನಿವರ್ಸಿಟಿ’ ಅಷ್ಟೇ. ಯಾವ ನಂಬರ್ ಮೊದಲು ಸಿಗುತ್ತದೋ ಅದಕ್ಕೆ ಫೋನ್ ಮಾಡುತ್ತಾನೆ. ‘ಇದು ನಮ್ಮಲ್ಲಿ ಇಲ್ಲ, ಅಲ್ಲಿ ಕೇಳಿ’ ಎಂಬ ಒಂದು ಸಾಲನ್ನು ನಮ್ಮ ಪುಟದಲ್ಲೇ ಹಾಕಿದರೆ ನಮ್ಮದೇನೂ ಖರ್ಚಾಗುವುದಿಲ್ಲ ಅಲ್ವಾ? ಅದನ್ನು ಹಾಕಲು ಒಪ್ಪಿಗೆ ಪಡೆಯಲು ನನಗೆ ಎರಡು ತಿಂಗಳು ಹಿಡಿಯಿತು. “ಬೇರೆಯವರ ಕೋರ್ಸಿಗೆ ನಾವ್ಯಾಕೆ ದಾರಿ ತೋರಿಸಬೇಕು” ಎಂದವರೂ ಇದ್ದರು.

ಆ ಹುಡುಗಿ ಬಂದು ಹೋದ ಮರುದಿನವೇ ನಾನೊಂದು ನೂರು ಪುಟದ ನೋಟ್‌ಬುಕ್ ತಂದೆ. ಫೋನಿನಲ್ಲಿ, ಬಾಗಿಲಲ್ಲಿ ಯಾರು ಏನೇ ಕೇಳಿದರೂ ಅವರ ಮಾತಿನಲ್ಲೇ ಬರೆದುಕೊಳ್ಳುವುದು ಎಂದು ಮಾಡಿದೆ. ಕೆಳಗಿನ ಸೆಕ್ಯೂರಿಟಿಯವರಿಗೂ ಒಂದು ಹಾಳೆ ಕೊಟ್ಟೆ. ಗೇಟಿನಲ್ಲಿ ಮೊದಲ ಪ್ರಶ್ನೆ ಬರುವುದು ಅವರಿಗೇ.

ಆ ಪ್ರಶ್ನೆಗಳನ್ನು ನಮ್ಮ ಪುಟಗಳ ಪಕ್ಕ ಇಟ್ಟು ನೋಡಿದೆ. ನಮ್ಮ ಕೋರ್ಸ್ ಪುಟ ಶುರುವಾಗುವುದು ವಿಭಾಗದ ಇತಿಹಾಸದಿಂದ. ಆಮೇಲೆ ಧ್ಯೇಯ, ಉದ್ದೇಶ. ಆಮೇಲೆ ಮುಖ್ಯಸ್ಥರ ಸಂದೇಶ. ಜನ ಕೇಳುವುದು ಬೇರೆ. “ಎಲ್ಲಾ ಸೇರಿ ಎಷ್ಟ ಆಕ್ಕೈತ್ರಿ?” “ಹಾಸ್ಟೆಲ್ ಸಿಗತೈತೇನ್ರಿ, ಇಲ್ಲಾ ರೂಮ್ ಮಾಡಬೇಕಾ?” “ಕಾಮರ್ಸ್ ಮಾಡಿದವ್ರು ಇದಕ್ಕ ಹಾಕಬಹುದಾ?” “ಟಿಸಿ ಈಗ ಬೇಕಾ, ಆಮ್ಯಾಲೆ ಕೊಟ್ರೂ ನಡೀತೈತಾ?” 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಇನ್ನೊಂದು ಪ್ರಶ್ನೆ ಜಾಸ್ತಿಯಾಯಿತು: “ಕ್ಲಾಸ್ ಎಷ್ಟಕ್ಕ ಚಾಲೂ ಆಗ್ತಾವ್ರಿ? ಅಪ್ ಡೌನ್ ಮಾಡಾಕ ಬರತೈತೇನ್ರಿ?” ಹುಡುಗಿಯರಿಗೆ ಬಸ್ಸಿನ ಖರ್ಚು ಉಳಿಯಿತು. ಹುಕ್ಕೇರಿಯಿಂದಲೋ ಬೈಲಹೊಂಗಲದಿಂದಲೋ ದಿನಾ ಬಂದು ಹೋಗಲು ಮನೆಯವರು ಒಪ್ಪುತ್ತಾರೆ. ಆದರೆ ಮೊದಲ ಕ್ಲಾಸ್ ಎಷ್ಟು ಗಂಟೆಗೆ, ಕೊನೆಯದು ಎಷ್ಟಕ್ಕೆ ಬಿಡುತ್ತದೆ ಎಂಬುದು ಗೊತ್ತಾಗಬೇಕು. ಕತ್ತಲಾಗುವುದರೊಳಗೆ ಊರು ಮುಟ್ಟಬೇಕು. ಒಂದು ಮನೆಯಲ್ಲಿ ಹುಡುಗಿ ಓದುತ್ತಾಳೋ ಇಲ್ಲವೋ ಎಂಬುದನ್ನು ತೀರ್ಮಾನಿಸುವ ಮಾಹಿತಿ ಇದು. ಯಾವ ಪ್ರಾಸ್ಪೆಕ್ಟಸ್‌ನಲ್ಲೂ ನಾನು ಇದನ್ನು ನೋಡಿಲ್ಲ. ನಮ್ಮ ಎಲ್ಲ ಕೋರ್ಸ್ ಪುಟಗಳಲ್ಲಿ ಈಗ ಇದೆ.

ಗಡಿ ಕಡೆಯವರ ಪ್ರಶ್ನೆ ಮತ್ತೊಂದು ಬಗೆ. ಜತ್ತ, ಅಕ್ಕಲಕೋಟೆ ಕಡೆ ಕನ್ನಡ ಶಾಲೆಯಲ್ಲಿ ಓದಿ ಬೆಳೆದ ಹುಡುಗರು ಫೋನ್ ಮಾಡುತ್ತಾರೆ. ಊರು ಮಹಾರಾಷ್ಟ್ರ, ಮಾತು ಕನ್ನಡ. “ನಾವು ಹೊರರಾಜ್ಯದವರು ಆಗ್ತೀವೇನ್ರಿ ಸರ?” ಎಂದು ಕೇಳುವಾಗ ದನಿಯಲ್ಲಿ ಒಂದು ಅಳುಕಿರುತ್ತದೆ. ಅವರಿಗೆ ಯಾವ ಪ್ರಮಾಣಪತ್ರ ಬೇಕು, ಮೈಗ್ರೇಶನ್ ಸರ್ಟಿಫಿಕೇಟ್ ಯಾವಾಗ ಕೊಡಬೇಕು, ಅವರ ಜಾತಿ ಪ್ರಮಾಣಪತ್ರ ಇಲ್ಲಿ ನಡೆಯುತ್ತದಾ ಎಂಬುದನ್ನೆಲ್ಲ ಒಂದೇ ಕಡೆ ಬರೆದಿಡಬೇಕಿತ್ತು. ನಮ್ಮಲ್ಲಿ ಅದು ಮೂರು ಸುತ್ತೋಲೆಗಳಲ್ಲಿ ಹಂಚಿಹೋಗಿತ್ತು. ಮೂರೂ ಸ್ಕ್ಯಾನ್ ಮಾಡಿದ ಪಿಡಿಎಫ್.

ಈ ಸ್ಕ್ಯಾನ್ ಪಿಡಿಎಫ್ ಬಗ್ಗೆ ಸ್ವಲ್ಪ ಹೇಳಲೇಬೇಕು. ಅಧಿಸೂಚನೆ ಟೈಪಾಗುತ್ತದೆ, ಪ್ರಿಂಟಾಗುತ್ತದೆ, ಕುಲಸಚಿವರ ಸಹಿ ಆಗುತ್ತದೆ, ಸೀಲು ಬೀಳುತ್ತದೆ, ಸ್ಕ್ಯಾನ್ ಆಗಿ ನನ್ನ ಹತ್ತಿರ ಬರುತ್ತದೆ. ಕೆಲವೊಮ್ಮೆ ಓರೆಯಾಗಿ, ಅಂಚು ಕತ್ತರಿಸಿ. ಅದು ಕಾಗದದ ಫೋಟೋ. ಅದರೊಳಗೆ ಅಕ್ಷರವಿಲ್ಲ, ಅಕ್ಷರದ ಚಿತ್ರ ಇದೆ. ಹಾಗಾಗಿ ಹುಡುಕಿದರೆ ಸಿಗುವುದು ಕಷ್ಟ. ಮೊಬೈಲಿನಲ್ಲಿ ದೊಡ್ಡದು ಮಾಡಿದರೆ ಸಾಲಿನ ಅರ್ಧ ಪರದೆಯ ಹೊರಗೆ. ಕಣ್ಣು ಕಾಣದವರಿಗೆ ಓದಿ ಹೇಳುವ ಸಾಫ್ಟ್‌ವೇರ್ ಅದರ ಮುಂದೆ ಮೂಕವಾಗುತ್ತದೆ. ಕನ್ನಡದ ಕಡತಗಳದ್ದು ಇನ್ನೊಂದು ತೊಂದರೆ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಬೇರೆ ಏನೋ ಚಿಹ್ನೆಗಳು. ವೆಬ್ ಪುಟಕ್ಕೆ ನಕಲು ಮಾಡಿದರೆ ಅರ್ಥವಿಲ್ಲದ ಗುರುತುಗಳ ರಾಶಿ ಬೀಳುತ್ತದೆ. ಯೂನಿಕೋಡಿಗೆ ಬದಲಿಸಿದಾಗಲೂ ಅಲ್ಲಲ್ಲಿ ಒತ್ತಕ್ಷರ ಕೈಕೊಡುತ್ತದೆ. ಒಂದೊಂದೇ ಸಾಲು ಓದಿ ತಿದ್ದಬೇಕು. ಬಹುಶಃ ಇದೇ ಕಾರಣಕ್ಕೆ ಎಷ್ಟೋ ಕಡೆ ಕೋರ್ಸ್ ಮಾಹಿತಿ ಇಂಗ್ಲಿಷಿನಲ್ಲಷ್ಟೇ ಉಳಿದಿದೆ. ಇಂಗ್ಲಿಷ್ ಓದಲು ಬರುವ ಮಕ್ಕಳಿಗೂ ಅದನ್ನು ಅಪ್ಪ ಅವ್ವನಿಗೆ ಓದಿ ಹೇಳುವುದಿರುತ್ತದೆ. ದುಡ್ಡು ಕೊಡುವವರು ಅವರು. ಪುಟ ಅವರಿಗೂ ತಿಳಿಯಬೇಕು.

ಹುಡುಕುವ ಮಾತಿಗೆ ಒಂದು ಸಣ್ಣ ವಿಷಯ. 2014ರ ನವೆಂಬರ್ 1ಕ್ಕೆ ಬಿಜಾಪುರ ವಿಜಯಪುರವಾಯಿತು, ಬೆಳಗಾಂ ಬೆಳಗಾವಿಯಾಯಿತು. ಇಷ್ಟು ವರ್ಷದ ಮೇಲೂ ಮಂದಿ ಮೊಬೈಲಿನಲ್ಲಿ ಬಿಜಾಪುರ ಎಂದೇ ಒತ್ತುತ್ತಾರೆ. ಪುಟದಲ್ಲಿ ಎಲ್ಲೋ ಒಂದು ಕಡೆ ಹಳೆಯ ಹೆಸರೂ ಇದ್ದರೆ ಅವರಿಗೆ ಅನುಕೂಲ.

ಒಂದು ಭಾನುವಾರ ಬಸ್ ನಿಲ್ದಾಣದ ಹತ್ತಿರದ ಒಂದು ಆನ್‌ಲೈನ್ ಸೆಂಟರಿಗೆ ಹೋದೆ. ಮಾಲೀಕರಿಗೆ ಯಾರೆಂದು ಹೇಳಿ, ಒಂದು ಮೂಲೆಯಲ್ಲಿ ಸ್ಟೂಲ್ ಹಾಕಿಕೊಂಡು ಎರಡು ತಾಸು ಕೂತೆ. ನನ್ನ ಹದಿನೈದು ವರ್ಷದ ನೌಕರಿಯಲ್ಲಿ ಅಷ್ಟು ಕಲಿತ ಎರಡು ತಾಸು ಇನ್ನೊಂದಿಲ್ಲ. ಯಾರೂ ನಮ್ಮ ಮುಖಪುಟಕ್ಕೆ ಬರಲಿಲ್ಲ. ನಾವು ಅಷ್ಟು ಕಷ್ಟಪಟ್ಟು ಬದಲಿಸುವ ಓಡುವ ಚಿತ್ರಗಳು, ಗಣ್ಯರ ಫೋಟೋ, ಯಾವುದನ್ನೂ ಯಾರೂ ನೋಡಲಿಲ್ಲ. ಗೂಗಲ್‌ನಲ್ಲಿ ಕೋರ್ಸ್ ಹೆಸರು ಒತ್ತಿ ನೇರ ಒಳಗಿನ ಯಾವುದೋ ಪುಟಕ್ಕೆ ಇಳಿದರು. ಒಬ್ಬ ಹುಡುಗ ಇಳಿದದ್ದು ನಾಲ್ಕು ವರ್ಷ ಹಳೆಯ ಅಧಿಸೂಚನೆಗೆ. ಅದರ ಪಕ್ಕ ‘ಹೊಸದು’ ಎಂದು ಕೆಂಪಗೆ ಮಿನುಗುವ ಗುರುತು ಇನ್ನೂ ಮಿನುಗುತ್ತಿತ್ತು. ಅದನ್ನು ಹಾಕಿದ ಮೇಲೆ ತೆಗೆಯುವವರು ಯಾರು ಎಂದು ಎಲ್ಲೂ ಬರೆದಿರಲಿಲ್ಲ. ಹುಡುಗ ಆ ಫೀ ನೋಡಿ ಮನೆಗೆ ಫೋನ್ ಹಚ್ಚಿ, “ಇಷ್ಟ ಐತೆಪ್ಪಾ” ಎಂದು ಹೇಳುತ್ತಿದ್ದ. ನಾನು ಎದ್ದು ಹೋಗಿ, “ತಮ್ಮಾ, ತಡಿ, ಅದು ಹಳೇದು,” ಎಂದೆ.

ಎಲ್ಲ ಊರಲ್ಲೂ ನಾನು ಹೀಗೆ ಎದ್ದು ಹೋಗಿ ಹೇಳಲಾಗದು. ಆದ್ದರಿಂದ ಮೊದಲು ಮಾಡಿದ ಕೆಲಸ ಹಳೆಯದನ್ನು ತೆಗೆಯುವುದು. ಅಳಿಸಿಬಿಡಲಿಲ್ಲ. ದಾಖಲೆಯಾಗಿ ಬೇಕಾಗುತ್ತದೆ. ಬೇರೆ ಕಡೆ ಇಟ್ಟು, ಪ್ರತಿಯೊಂದರ ಮೇಲೂ ‘ಇದು ಇಂಥ ವರ್ಷದ್ದು, ಈಗ ನಡೆಯುವುದಿಲ್ಲ’ ಎಂದು ದಪ್ಪಕ್ಷರದ ಸಾಲು ಹಾಕಿದೆ. ಸರ್ಕಾರಿ ವೆಬ್‌ಸೈಟುಗಳಿಗೆ 2009ರಲ್ಲೇ ಕೇಂದ್ರ ಸರ್ಕಾರ ಮಾರ್ಗಸೂಚಿ ತಂದಿದೆ. ಮಾಹಿತಿಯನ್ನು ಯಾರು ಕೊಡಬೇಕು, ಎಷ್ಟು ದಿನಕ್ಕೊಮ್ಮೆ ನೋಡಬೇಕು, ಹಳೆಯದಾದ ಮೇಲೆ ಎಲ್ಲಿ ಇಡಬೇಕು ಎಂಬುದಕ್ಕೆ ಒಂದು ನೀತಿ ಇರಬೇಕು ಎಂದು ಅದರಲ್ಲಿದೆ. ಮಾಹಿತಿ ಹಕ್ಕು ಕಾಯ್ದೆ 2005ರದು. ಯಾರೂ ಅರ್ಜಿ ಹಾಕದೆಯೇ ತಾವಾಗಿ ಹೇಳಬೇಕಾದ್ದು ಯಾವುದು ಎಂದು ಅದರ 4ನೇ ಸೆಕ್ಷನ್ ಹೇಳುತ್ತದೆ. ನಾನು ಟಿಪ್ಪಣಿ ಬರೆಯುವಾಗ ಇವೆರಡನ್ನೂ ಮೇಲೆ ಇಟ್ಟುಕೊಂಡು ಬರೆಯುತ್ತೇನೆ. ಕಡತ ಬೇಗ ಮುಂದೆ ಹೋಗುತ್ತದೆ.

ಇನ್ನು ನಿಯಮಗಳೇ ಬದಲಾಗುವ ಕಥೆ. 2021-22ರಲ್ಲಿ ರಾಜ್ಯದಲ್ಲಿ ಹೊಸ ಶಿಕ್ಷಣ ನೀತಿ ಜಾರಿಗೆ ಬಂತು, ಡಿಗ್ರಿಗೆ ನಾಲ್ಕು ವರ್ಷದ ಲೆಕ್ಕ ಬಂತು. 2024ರ ಮೇನಲ್ಲಿ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷ ಎಂದಿತು, ಆ ವರ್ಷದಿಂದಲೇ. ನಡುವಿನ ಮೂರು ಬ್ಯಾಚಿನವರು ಹಳೆಯ ನಿಯಮದಲ್ಲೇ ಮುಗಿಸಬೇಕು, ಬೇಕಾದವರು ನಾಲ್ಕನೇ ವರ್ಷವನ್ನೂ ಓದಬಹುದು. ಅಂದರೆ ‘ಅವಧಿ’ ಎಂಬ ಒಂದೇ ಕಾಲಂನಲ್ಲಿ ಬ್ಯಾಚಿಗೊಂದು ಉತ್ತರ. 2022ರಲ್ಲಿ ಪರಿಶಿಷ್ಟ ಜಾತಿಯ ಮೀಸಲಾತಿ ಶೇಕಡಾ 15ರಿಂದ 17ಕ್ಕೆ, ಪರಿಶಿಷ್ಟ ಪಂಗಡದ್ದು 3ರಿಂದ 7ಕ್ಕೆ ಏರಿತು. ಆದೇಶ ಬಂದ ಎಷ್ಟೋ ತಿಂಗಳ ಮೇಲೆ ನೋಡಿದರೆ ನಮ್ಮ ಒಂದು ವಿಭಾಗದ ಪುಟದಲ್ಲಿ 15 ಮತ್ತು 3 ಹಾಗೇ ಇದ್ದವು. ಸೀಟು ಹಂಚುವವರು ಹೊಸ ಲೆಕ್ಕದಲ್ಲೇ ಹಂಚಿದ್ದರು. ಪುಟ ನೋಡಿದ ಹುಡುಗನಿಗೆ ಮಾತ್ರ ಅದು ಗೊತ್ತಿರಲಿಲ್ಲ.

ಇಂಥದ್ದು ಯಾಕಾಗುತ್ತದೆ? ಒಂದೇ ವಿಷಯ ಐದು ಕಡೆ ಕೂತಿರುತ್ತದೆ. ಅಧಿಸೂಚನೆಯಲ್ಲಿ, ಪ್ರಾಸ್ಪೆಕ್ಟಸ್‌ನಲ್ಲಿ, ಅಡ್ಮಿಶನ್ ಪುಟದಲ್ಲಿ, ವಿಭಾಗದ ಪುಟದಲ್ಲಿ, ವಿಶ್ವವಿದ್ಯಾಲಯಗಳ ಪ್ರವೇಶ, ಪರೀಕ್ಷೆ ನೋಡಿಕೊಳ್ಳುವ ಸರ್ಕಾರದ ಯುಯುಸಿಎಂಎಸ್ ಪೋರ್ಟಲಿನಲ್ಲಿ. ಒಂದು ಕಡೆ ಬದಲಾದರೆ ಉಳಿದ ನಾಲ್ಕಕ್ಕೆ ಸುದ್ದಿ ಮುಟ್ಟುವುದಿಲ್ಲ. ಹೊಸ ವೆಬ್‌ಸೈಟ್ ಮಾಡಿಸಿದರೆ ಇದು ಸರಿಹೋಗುತ್ತದೆ ಎಂದು ಬಹಳ ಮಂದಿ ನಂಬಿದ್ದಾರೆ. ನಾನು ಎರಡು ಬಾರಿ ಹೊಸ ವೆಬ್‌ಸೈಟ್ ಆಗಿದ್ದನ್ನು ನೋಡಿದ್ದೇನೆ. ಬಣ್ಣ ಬದಲಾಯಿತು, ತಪ್ಪುಗಳು ಹೊಸ ಮನೆಗೆ ಸಾಮಾನು ಸಾಗಿಸಿದ ಹಾಗೆ ಜೋಪಾನವಾಗಿ ಬಂದವು. ಆ ನಕ್ಷತ್ರದ ಕೆಳಗಿನ ಸಾಲು ಕಳೆದುಹೋದದ್ದೂ ಅಂಥ ಒಂದು ಸಾಗಣೆಯಲ್ಲೇ.

ಕೊನೆಗೆ ನಾವು ಮಾಡಿದ್ದು ಬಹಳ ಸಾದಾ ಕೆಲಸ. ಒಂದು ಎಕ್ಸೆಲ್ ಶೀಟ್. ಒಂದು ಕೋರ್ಸಿಗೆ ಒಂದು ಸಾಲು. ಅವಧಿ, ಸೀಟು, ಅರ್ಹತೆ, ಸಡಿಲಿಕೆ, ಪ್ರವರ್ಗವಾರು ಫೀ, ಕೊನೆ ದಿನ, ದಂಡ ಶುಲ್ಕದ ದಿನ, ಕ್ಲಾಸಿನ ವೇಳೆ, ಎಲ್ಲಕ್ಕೂ ಒಂದೊಂದು ಮನೆ. ಸಡಿಲಿಕೆಗೆ ಬೇರೆ ಮನೆ ಬೇಕೇಬೇಕು ಎಂದು ಹಟ ಹಿಡಿದವಳು ನಾನು. ಇನ್ನು ಮುಂದೆ ಅದು ಯಾವ ನಕ್ಷತ್ರದ ಕೆಳಗೂ ಅಡಗಿ ಕೂರಬಾರದು. ಪುಟವೂ ಪ್ರಾಸ್ಪೆಕ್ಟಸ್ಸೂ ಆ ಶೀಟಿನಿಂದಲೇ ತುಂಬಬೇಕು. ಪ್ರತಿ ಮನೆಗೂ ಒಬ್ಬ ಜವಾಬ್ದಾರರು. ಫೀ ಆದರೆ ಹಣಕಾಸು ವಿಭಾಗದ ಟೇಬಲ್, ಅರ್ಹತೆ ಆದರೆ ಶೈಕ್ಷಣಿಕ ವಿಭಾಗದ ಟೇಬಲ್. ಅವರು ನೋಡಿ ‘ಸರಿ ಇದೆ’ ಎಂದು ಬರೆದ ದಿನಾಂಕ ಪುಟದ ತಲೆ ಮೇಲೆ ಕಾಣುತ್ತದೆ. ಮಾವ ತಂದ ಪ್ರಾಸ್ಪೆಕ್ಟಸ್‌ನ ಮುಖಪುಟದ ಮೇಲೆ ವರ್ಷ ಇರುತ್ತಿತ್ತಲ್ಲ, ಹಾಗೆ.

ಜಗಳವಿಲ್ಲದೆ ಆಗಲಿಲ್ಲ. ಒಂದು ಡಿಪ್ಲೊಮಾ ಕೋರ್ಸ್ ಪಟ್ಟಿಯಲ್ಲಿತ್ತು. ನಾನು ಕೇಳಿ ತಿಳಿದದ್ದು, ಹಲವು ವರ್ಷದಿಂದ ಅದಕ್ಕೆ ಅಡ್ಮಿಶನ್ನೇ ಆಗಿಲ್ಲ. ಮುಚ್ಚಿದ್ದೇವೆ ಎಂಬ ಆದೇಶವೂ ಆಗಿಲ್ಲ. ಆದೇಶವಿಲ್ಲದೆ ತೆಗೆಯುವಂತಿಲ್ಲ, ಇದ್ದರೆ ಮಕ್ಕಳು ಕೇಳಿಕೊಂಡು ಬರುತ್ತಾರೆ. ವಿಜಯಪುರದಿಂದ ಒಬ್ಬ ಹುಡುಗ ಅದನ್ನೇ ನಂಬಿ ಬಂದು, ಸಂಜೆಯ ಬಸ್ಸಿಗೆ ವಾಪಸ್ ಹೋದ. ಈಗ ಅದರ ಮುಂದೆ ‘ಈ ವರ್ಷ ಪ್ರವೇಶ ಇಲ್ಲ’ ಎಂದು ಬರೆದಿದ್ದೇವೆ. ಆ ನಾಲ್ಕು ಪದಕ್ಕೆ ಎಷ್ಟು ಟೇಬಲ್ ತಿರುಗಿದೆನೋ ಲೆಕ್ಕವಿಲ್ಲ.

ಇನ್ನೂ ಬಗೆಹರಿಯದ್ದು ಒಂದಿದೆ. ವಿಭಾಗದಲ್ಲಿ ಕಾಯಂ ಅಧ್ಯಾಪಕರು ಎಷ್ಟು, ಅತಿಥಿ ಉಪನ್ಯಾಸಕರು ಎಷ್ಟು ಎಂದು ಬರೆಯಬೇಕೇ? ಬರೆಯಬೇಕು ಎನ್ನುವವಳು ನಾನು. ಎರಡು ವರ್ಷ ಮಗನನ್ನು, ಮಗಳನ್ನು ಕಳಿಸುವವರಿಗೆ ಅದು ಗೊತ್ತಿರಬೇಕು. ಒಬ್ಬ ಹಿರಿಯ ಪ್ರಾಧ್ಯಾಪಕರು ಹೇಳಿದ ಮಾತನ್ನೂ ತಳ್ಳಿಹಾಕಲಾರೆ: “ನೋಡಮ್ಮಾ, ಹುದ್ದೆ ತುಂಬೂದು ನಮ್ಮ ಕೈಯಾಗಿಲ್ಲ. ಇಬ್ಬರ ಅದೀವಿ ಅಂತ ಬರದ್ರ ಹುಡುಗ್ರು ಬರೂದಿಲ್ಲ. ಹುಡುಗ್ರು ಬರಲಿಲ್ಲ ಅಂದ್ರ ವಿಭಾಗನ ಇರೂದಿಲ್ಲ.” ಅವರಿಗೆ ವಿಭಾಗ ಮಗುವಿದ್ದ ಹಾಗೆ. ಅತಿಥಿ ಉಪನ್ಯಾಸಕರಲ್ಲೂ ಜೀವ ತೇಯ್ದು ಕಲಿಸುವವರಿದ್ದಾರೆ, ಅವರನ್ನು ಒಂದು ಅಂಕಿ ಮಾಡಿ ಬರೆದರೆ ಅವರಿಗೆ ಅನ್ಯಾಯ. ಸದ್ಯಕ್ಕೆ ಎಲ್ಲರ ಹೆಸರು, ಕಲಿಸುವ ವಿಷಯ ಹಾಕಿದ್ದೇವೆ. ಕಾಯಂ ಎಷ್ಟು ಎಂಬುದು ಇನ್ನೂ ಇಲ್ಲ. ನಾನು ಕೇಳುವುದನ್ನು ಬಿಟ್ಟಿಲ್ಲ.

ಬೇರೆ ದೇಶದವರು ಇದನ್ನು ಹೇಗೆ ನೋಡುತ್ತಾರೆ ಎಂದು ಹುಡುಕಿದಾಗ ಬ್ರಿಟನ್ನಿನದೊಂದು ಸಿಕ್ಕಿತು. ಅಲ್ಲಿ ಮಾರುಕಟ್ಟೆ ಪೈಪೋಟಿ ಮತ್ತು ಗ್ರಾಹಕರ ಹಿತ ನೋಡಿಕೊಳ್ಳುವ ಸಂಸ್ಥೆ 2015ರಲ್ಲಿ ವಿಶ್ವವಿದ್ಯಾಲಯಗಳಿಗೆ ಸಲಹಾ ದಾಖಲೆ ಹೊರಡಿಸಿತು. ಸೇರುವ ಮೊದಲೇ ಕೋರ್ಸಿನ ಸರಿಯಾದ, ಪೂರ್ತಿ ಮಾಹಿತಿ ಮತ್ತು ಒಟ್ಟು ಖರ್ಚನ್ನು ವಿದ್ಯಾರ್ಥಿಗೆ ಹೇಳಬೇಕು, ಇಲ್ಲವಾದರೆ ಅದು ಗ್ರಾಹಕ ಕಾನೂನಿನ ಪ್ರಶ್ನೆಯಾಗಬಹುದು ಎಂದು ಎಚ್ಚರಿಸಿತು. ವಿದ್ಯಾರ್ಥಿಯನ್ನು ಗ್ರಾಹಕ ಎನ್ನುವುದು ನನಗೆ ಅಷ್ಟು ಹಿಡಿಸುವುದಿಲ್ಲ. ಆದರೆ ‘ಒಟ್ಟು ಖರ್ಚು’ ಎಂಬ ಮಾತು ಹಿಡಿಸಿತು. “ಎಲ್ಲಾ ಸೇರಿ ಎಷ್ಟ ಆಕ್ಕೈತ್ರಿ” ಎಂದು ನಮ್ಮವರು ಕೇಳುವುದೂ ಅದನ್ನೇ. ಬೋಧನಾ ಶುಲ್ಕ, ನೋಂದಣಿ, ಪರೀಕ್ಷೆ, ಪ್ರಯೋಗಾಲಯ, ಗ್ರಂಥಾಲಯ ಎಂದು ಹದಿನಾಲ್ಕು ಬಾಬು ಬರೆದು ಕೂಡಿಸುವುದನ್ನು ಅವರಿಗೇ ಬಿಟ್ಟಿದ್ದೆವು. ಈಗ ಮೊದಲ ಸಾಲಿನಲ್ಲೇ ಮೊತ್ತ ಇದೆ. ಅಪ್ಪ ಪೆನ್ಸಿಲ್ ಹಿಡಿಯಬೇಕಿಲ್ಲ.

ಮಾಹಿತಿ ಸಿಗದ ಕಡೆ ಬೇರೆಯವರು ಬಂದು ಕೂರುತ್ತಾರೆ. ಯುಜಿಸಿ ಹೊರಡಿಸುವ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ವರ್ಷಗಟ್ಟಲೆ ನಮ್ಮದೇ ಗೋಕಾಕದ ವಿಳಾಸದ ಒಂದು ಸಂಸ್ಥೆ ಇತ್ತು. ‘ಸೀಟು ಕೊಡಿಸುತ್ತೇವೆ’ ಎನ್ನುವ ಏಜೆಂಟರು ಬಸ್ ನಿಲ್ದಾಣದ ಗೋಡೆಗಳ ಮೇಲೆ ನಂಬರ್ ಅಂಟಿಸಿರುತ್ತಾರೆ. ಅವರು ಫೋನ್ ತೆಗೆಯುತ್ತಾರೆ, ಕನ್ನಡದಲ್ಲಿ ಮಾತಾಡುತ್ತಾರೆ, ಪ್ರಶ್ನೆಗೆ ತಕ್ಷಣ ಉತ್ತರ ಕೊಡುತ್ತಾರೆ. ನಾವೂ ಅಷ್ಟನ್ನಾದರೂ ಮಾಡಬೇಕು. ಹಾಗಾಗಿ ಪ್ರತಿ ಕೋರ್ಸ್ ಪುಟದ ಕೆಳಗೆ ಈಗ ಒಂದು ಫೋನ್ ನಂಬರ್, ಅದನ್ನು ಯಾವ ವೇಳೆಯಲ್ಲಿ ಎತ್ತುತ್ತೇವೆ ಎಂಬ ಸಾಲು, ಜೊತೆಗೆ ಇನ್ನೊಂದು ಸಾಲು ಇದೆ: ಈ ಪುಟದಲ್ಲಿ ತಪ್ಪು ಕಂಡರೆ ದಯವಿಟ್ಟು ತಿಳಿಸಿ.

ರಾಯಬಾಗದ ಆ ಹುಡುಗಿ ಆ ವರ್ಷವೇ ಎಂಎಸ್ಸಿಗೆ ಸೇರಿದಳು. ಮುಗಿಸಿದಳು ಕೂಡ. ಓದುವಾಗ ಆಗಾಗ ಕೋಣೆಗೆ ಬಂದು ಮಾತಾಡಿಸಿ ಹೋಗುತ್ತಿದ್ದಳು. ಒಮ್ಮೆ, “ಮೇಡಂ, ಆ ಹಳೇ ಪುಟ ಐತೇನ್ರಿ ಇನ್ನ?” ಎಂದು ಕೇಳಿದಳು. ಇಟ್ಟಿದ್ದೆ. ತೆಗೆದು ತೋರಿಸಿದೆ. ಬೆರಳಿನಿಂದ ಪರದೆಯ ಮೇಲೆ ಆ ನಕ್ಷತ್ರವನ್ನು ಮುಟ್ಟಿ ನೋಡಿದಳು. “ಇದನ್ನ ನಾ ಧೂಳ ಅನ್ಕೊಂಡಿದ್ದೆ ನೋಡ್ರಿ,” ಎಂದಳು. ಆನ್‌ಲೈನ್ ಸೆಂಟರಿನ ಪರದೆ, ಸಣ್ಣ ಅಕ್ಷರ. ಧೂಳೆಂದು ಒರೆಸಿದ್ದಳಂತೆ.

ಮೊನ್ನೆ ಬೆಳಿಗ್ಗೆ ಹತ್ತೂಕಾಲಿಗೆ ಫೋನ್ ಬಂತು. ಸಂಕೇಶ್ವರದ ಒಂದು ಆನ್‌ಲೈನ್ ಸೆಂಟರಿನವರು. “ಅಕ್ಕಾರ, ನಿಮ್ಮ ಪುಟದ ತೆಳಗ ತಪ್ಪಿದ್ರ ಹೇಳ್ರಿ ಅಂತ ಐತಿ, ಅದಕ್ಕ ಮಾಡೀನಿ. ಹಾಸ್ಟೆಲ್ ಫೀ ಒಂದ ಕಡೆ ಒಂದ ಐತಿ, ಇನ್ನೊಂದ ಕಡೆ ಒಂದ ಐತಿ. ಯಾವುದು ಖರೆ?” ತೆಗೆದು ನೋಡಿದೆ. ಹಾಸ್ಟೆಲ್ ಪುಟ ಇನ್ನೂ ನಮ್ಮ ಶೀಟಿಗೆ ಸೇರಿರಲಿಲ್ಲ, ಹೋದ ವರ್ಷದ ಅಂಕಿ ಹಾಗೇ ಇತ್ತು. ವಾರ್ಡನ್ ಆಫೀಸಿಗೆ ಹೋಗಿ ಬರೆಸಿಕೊಂಡು ಬಂದು, ತಿದ್ದಿ, ದಿನಾಂಕ ಹಾಕುವಷ್ಟರಲ್ಲಿ ಹನ್ನೊಂದಾಗಿತ್ತು. ಅವರಿಗೆ ತಿರುಗಿ ಫೋನ್ ಮಾಡಿ ಸರಿಮಾಡಿದ್ದೇನೆ ಎಂದು ಹೇಳಿದೆ.

“ಹೌದ್ರಿ? ತಡೀರಿ, ನೋಡ್ತೀನಿ,” ಎಂದರು. ಕೀಬೋರ್ಡಿನ ಸದ್ದು ಕೇಳಿಸಿತು. ಆಮೇಲೆ ಅಂಗಡಿಯಲ್ಲಿದ್ದವರಿಗೆ ಹೇಳುತ್ತಿದ್ದರು: “ಏ ತಮ್ಮಾ, ಬರ್ರಿ, ಈಗ ಸರಿ ಬಂತು. ಇದ ಬರಕೊಳ್ರಿ.”